ನಟ್ಟು ಸರಿಯಿದೆ

ಲಿಂಡ್ಸೆ ಟ್ರೆಜೈಸ್ ಹೆದರುಪುಕ್ಕಲ. ಈ ಮಾತನ್ನು ಅಡಿಲೇಡಿನಾಚೆಯ ನಮ್ಮ ಮ್ಯಾಲಿ ಸೀಮೆಯ ಯಾವ ಗೋಧಿ ರೈತನ ಮುಂದೆ ಹೇಳಿದರೂ ಅವನು ನಕ್ಕುಬಿಡುತ್ತಾನೆ. ಯಾಕೆಂದರೆ ಸುತ್ತ ನೂರು ಮೈಲಿಯಲ್ಲಿ ಯಾರದಾದರೂ ಹಳೇ ಚೈನ್ ಟ್ರ್ಯಾಕ್ಟರಿನ ಸ್ಪ್ರಾಕೆಟ್ ಕಚ್ಚಿಕೊಂಡು ಕೂತರೆ ಕರೆಯುವುದು ಲಿಂಡ್ಸೆಯನ್ನೇ. ಚಕ್ರದ ಬದಲು ಕಬ್ಬಿಣದ ಸರಪಳಿಯ ಮೇಲೆ ತೆವಳುವ, ಎರಡನೇ ಮಹಾಯುದ್ಧಕ್ಕೂ ಮೊದಲಿನ ಟ್ರ್ಯಾಕ್ಟರುಗಳು ಅವು. ಆ ಸರಪಳಿಯನ್ನು ಎಳೆಯುವ ದೊಡ್ಡ ಹಲ್ಲಿನ ಚಕ್ರವೇ ಸ್ಪ್ರಾಕೆಟ್, ಒಂದೊಂದೂ ಒಬ್ಬ ಗಟ್ಟಿ ಆಳಿಗಿಂತ ಭಾರ. ಅದನ್ನು ಬಿಚ್ಚುವಾಗ ಲಿಂಡ್ಸೆಯ ಕೈ ಒಂದು ಚೂರೂ ನಡುಗುವುದಿಲ್ಲ ಎಂದು ಊರಿಗೆ ಊರೇ ಹೇಳುತ್ತದೆ.

ಕೈ ನಡುಗುವುದಿಲ್ಲ, ನಿಜ. ಒಳಗೆ ಏನಾಗುತ್ತದೆ ಎಂಬುದು ಗೊತ್ತಿದ್ದದ್ದು ಹೆಂಡತಿ ಕೋರಲ್‌ಗೆ ಮಾತ್ರ. ಸ್ಪ್ರಾಕೆಟ್ ಕೆಲಸವಿದ್ದ ದಿನ ಬೆಳಿಗ್ಗೆ ಅವನು ತಿಂಡಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಮೂರು ಸಲ ಹಿತ್ತಲ ಕಡೆ ಹೋಗಿ ಬರುತ್ತಿದ್ದ. ಸ್ಪ್ಯಾನರುಗಳನ್ನು ಗಾಡಿಗೆ ಹಾಕಿ, ಮತ್ತೆ ಇಳಿಸಿ, ಎಣಿಸಿ, ಮತ್ತೆ ಹಾಕುತ್ತಿದ್ದ. ಇಷ್ಟು ಹೆದರುವವನು ಬೇಡ ಅಂದುಬಿಡಬಾರದೇ ಎಂದು ಕೋರಲ್ ಕೇಳಿದರೆ, ನಾನು ಬೇಡ ಅಂದರೆ ಹೆದರದವನು ಯಾವನೋ ಹೋಗುತ್ತಾನಲ್ಲ ಎನ್ನುತ್ತಿದ್ದ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. ಸ್ಪ್ರಾಕೆಟ್ ಕೂತಿರುವುದು ಮೂಲಂಗಿಯ ಹಾಗೆ ತುದಿಗೆ ಸಣ್ಣಗಾಗುತ್ತ ಹೋಗುವ ಶಾಫ್ಟಿನ ಮೇಲೆ. ಎಂಬತ್ತು ವರ್ಷ ಮಣ್ಣು, ಮಳೆ, ಬಿಸಿಲು ತಿಂದು ಎರಡೂ ಒಂದೇ ಕಬ್ಬಿಣವಾಗಿ ಹೋಗಿರುತ್ತವೆ. ಸುತ್ತಿಗೆಗೆ ಅದು ಜಗ್ಗುವುದಿಲ್ಲ. ಸ್ಪ್ರಾಕೆಟ್ಟಿಗೆ ಎರಡು ಉದ್ದನೆಯ ಬೋಲ್ಟು ಹಾಕಿ, ಅಡ್ಡಕ್ಕೆ ಕಬ್ಬಿಣದ ತೊಲೆ ಕಟ್ಟಿ, ಶಾಫ್ಟಿನ ತುದಿಗೂ ತೊಲೆಗೂ ನಡುವೆ ಜಾಕು ಇಟ್ಟು ಎಣ್ಣೆ ಪಂಪಿನಿಂದ ಒತ್ತಬೇಕು. ಮೂವತ್ತು ಟನ್, ನಲವತ್ತು ಟನ್, ಐವತ್ತು ಟನ್. ಅದು ಬಿಡುವಾಗ ಹೇಳಿ ಕೇಳಿ ಬಿಡುವುದಿಲ್ಲ. ಫಿರಂಗಿ ಹಾರಿಸಿದ ಸದ್ದಿನೊಂದಿಗೆ ಚಕ್ರ, ತೊಲೆ, ಜಾಕು ಎಲ್ಲವೂ ಎದುರಿಗೆ ಯಾರಿದ್ದಾರೆಂದು ನೋಡದೆ ಹಾರುತ್ತವೆ.

ಆದ್ದರಿಂದ ಶಾಫ್ಟಿನ ತುದಿಯ ನಟ್ಟನ್ನು ಪೂರ್ತಿ ಬಿಚ್ಚುವಂತಿಲ್ಲ. ಎರಡು ಸುತ್ತು ಸಡಿಲಿಸಿ ಅಲ್ಲೇ ಬಿಡಬೇಕು. ಆಗ ಚಕ್ರ ಹೆಬ್ಬೆರಳಗಲ ಜಿಗಿದು ನಟ್ಟಿಗೆ ಬಡಿದು ನಿಲ್ಲುತ್ತದೆ. ಈ ಕಸುಬಿನ ಗುಟ್ಟೆಲ್ಲ ಇಷ್ಟೇ, ಅಂಗೈಯಗಲದ ಒಂದು ನಟ್ಟು. ಇಪ್ಪತ್ಮೂರನೇ ವಯಸ್ಸಿನಲ್ಲಿ, ಕಾಡು ಕಡಿಯುವ ಕ್ಯಾಂಪಿನಲ್ಲಿ, ಆ ನಟ್ಟಿಲ್ಲದ ಸ್ಪ್ರಾಕೆಟ್ ಏನು ಮಾಡುತ್ತದೆಂದು ಲಿಂಡ್ಸೆ ಕಣ್ಣಾರೆ ನೋಡಿದ್ದ. ಎದುರಿಗೆ ನಿಂತಿದ್ದವನು ಬಿದ್ದ ಬೆಂಕಿಪೊಟ್ಟಣ ಎತ್ತಿಕೊಳ್ಳಲು ಬಗ್ಗಿದ್ದ. ಚಕ್ರ ಅವನ ಬೆನ್ನ ಮೇಲಿಂದ ಹಾದು, ತಗಡಿನ ಗೋಡೆ ಹರಿದು, ಆಚೆಗಿದ್ದ ನೀರಿನ ಟ್ಯಾಂಕಿನೊಳಗೆ ಹೋಗಿ ಕೂತಿತು. ಕ್ಯಾಂಪಿನವರೆಲ್ಲ ಅದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಬಗ್ಗಿದ್ದವನೂ ನಕ್ಕ. ಲಿಂಡ್ಸೆಗೆ ಮಾತ್ರ ನಗು ಬರಲಿಲ್ಲ.

ಅಂದಿನಿಂದ ಅರವತ್ತಕ್ಕೂ ಹೆಚ್ಚು ಸ್ಪ್ರಾಕೆಟ್ ಬಿಚ್ಚಿದ್ದಾನೆ, ಯಾರಿಗೂ ಒಂದು ತರಚು ಗಾಯವಿಲ್ಲ. ಅವನ ಪದ್ಧತಿಯೇ ಬೇರೆ. ಪಂಪು ಯಾವಾಗಲೂ ಟ್ರ್ಯಾಕ್ಟರಿನ ಹಿಂದೆ. ಬೋಲ್ಟು ತುಂಡಾಗಿ ಹಾರಿದರೆ ತಡೆಯಲಿ ಎಂದು ತೊಲೆಯ ಸುತ್ತ ಗೋಧಿ ಚೀಲ ಹೊದಿಸಿ ಸರಪಳಿ ಬಿಗಿಯುವುದು. ಐವತ್ತು ಟನ್ನಿಗೂ ಬಿಡದಿದ್ದರೆ ಅದರ ಜೊತೆ ಜಗಳವಾಡುವುದಿಲ್ಲ, ಒತ್ತಡ ಹಾಗೇ ಬಿಟ್ಟು ದೂರ ಹೋಗಿ ಕೂತು ಟೀ ಕುಡಿಯುವುದು. ಕಬ್ಬಿಣಕ್ಕೂ ಯೋಚನೆ ಮಾಡಲು ಸಮಯ ಬೇಕು ಅನ್ನುತ್ತಾನೆ. ಎಷ್ಟೋ ಸಲ ಎರಡನೇ ಲೋಟ ಕೈಯಲ್ಲಿರುವಾಗಲೇ ಶೆಡ್ಡಿನೊಳಗೆ ಢಂ ಎಂದಿದೆ. ಹೋಗಿ ನೋಡಿದರೆ ಚಕ್ರ ನಟ್ಟಿಗೆ ಒರಗಿಕೊಂಡು ಕೂತಿರುತ್ತದೆ.

ಆ ಸೆಪ್ಟೆಂಬರಿನಲ್ಲಿ ಕರೆ ಬಂದದ್ದು ಮೋನಾ ಶಿರ್ಮರ್ ಮನೆಯಿಂದ. ಮೋನಾಗೆ ಎಂಬತ್ನಾಲ್ಕು, ಲಿಂಡ್ಸೆಗೆ ಅರವತ್ತೆಂಟು. ಅವನು ಆರು ವರ್ಷದವನಿದ್ದಾಗ ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಅಕ್ಷರ ಕಲಿಸಿದವಳು ಅವಳೇ. ಇವತ್ತಿಗೂ ಅವಳೆದುರು ಅವನು ಟೋಪಿ ತೆಗೆಯುತ್ತಾನೆ, ಮಿಸೆಸ್ ಶಿರ್ಮರ್ ಅನ್ನುತ್ತಾನೆ. ಅವಳ ಗಂಡ ಹಾರ್ಟ್ಲಿ ತೀರಿಹೋಗಿ ಎರಡು ವರ್ಷವಾಗಿತ್ತು. ಅವನು ಮದುವೆಗೂ ಮೊದಲು ಜಮೀನು ಹಸನು ಮಾಡಿದ್ದ ಚೈನ್ ಟ್ರ್ಯಾಕ್ಟರು ಶೆಡ್ಡಿನಲ್ಲಿ ನಿಂತಿತ್ತು. ತಿಂಗಳ ಕೊನೆಗೆ ಹಳೇ ಯಂತ್ರಗಳ ಮೆರವಣಿಗೆಯಲ್ಲಿ ಅದು ಓಡಬೇಕು ಎಂದು ಮೋನಾ ಹಠ ಹಿಡಿದಿದ್ದಳು. ಇಂಜಿನ್ನು ಓಡುತ್ತಿತ್ತು, ಆದರೆ ಎರಡೂ ಕಡೆ ಎಣ್ಣೆ ಸೋರಿ ಹೋಗುತ್ತಿತ್ತು. ಸೋರುವ ಜಾಗ ಮುಟ್ಟಬೇಕೆಂದರೆ ಸ್ಪ್ರಾಕೆಟ್ ಬರಬೇಕು.

ಲಿಂಡ್ಸೆಯ ಜೊತೆ ಮೂವತ್ತು ವರ್ಷ ಕೈ ಜೋಡಿಸಿದ್ದವನು ಸೊಂಟದ ಆಪರೇಷನ್ ಮಾಡಿಸಿಕೊಂಡು ಅಡಿಲೇಡಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಬದಲು ಪಕ್ಕದ ಜಮೀನಿನ ನೆವಿಲ್ ಜಾಡೋ ಬಂದ. ನೆವಿಲ್ ಜೀವಮಾನವೆಲ್ಲ ಕುರಿ ಉಣ್ಣೆ ಕತ್ತರಿಸಿದವನು, ಈಗ ಬೆನ್ನು ಬಗ್ಗಿ ಮನೆಯಲ್ಲಿದ್ದಾನೆ. ಒಳ್ಳೆಯ ಮನುಷ್ಯ, ಹೇಳಿದ ಕೆಲಸ ಹೇಳಿದಂತೆ ಮಾಡುತ್ತಾನೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಕುರಿಯಾದರೆ ಕಾಲು ಹಿಡಿದು ಎಳೆದರೆ ಬರುತ್ತದೆ, ಇದಕ್ಕೆ ಕಾಲೂ ಇಲ್ಲ, ಬಾಲವೂ ಇಲ್ಲ ಎಂದು ಬೆಳಿಗ್ಗೆಯಿಂದ ಟ್ರ್ಯಾಕ್ಟರನ್ನು ಬೈಯುತ್ತಲೇ ಇದ್ದ.

ಗುರುವಾರ ಅದು. ಗುರುವಾರ ಮೋನಾಳನ್ನು ಅಕ್ಕನ ಮಗಳು ಕಾರಿನಲ್ಲಿ ಊರಿಗೆ, ಕೂದಲು ಒಪ್ಪ ಮಾಡಿಸಿಕೊಳ್ಳಲು, ಕರೆದುಕೊಂಡು ಹೋಗುತ್ತಾಳೆ. ಲಿಂಡ್ಸೆ ಆ ದಿನವನ್ನೇ ಬೇಕೆಂದು ಆರಿಸಿದ್ದ. ಶೆಡ್ಡಿನ ಕಡೆ ಯಾರೂ ಸುಳಿಯಕೂಡದು, ಅದು ಅವನ ಮೊದಲ ನಿಯಮ. ಟ್ರ್ಯಾಕ್ಟರಿನ ಸರಪಳಿ ಬಿಚ್ಚಿ ಬದಿಗೆ ಹಾಕಿ, ನಟ್ಟು ಸಡಿಲಿಸಲು ಹೋದರೆ ಅದರ ಥ್ರೆಡ್ಡಿನ, ಒಳಗಿನ ತಿರುಪುಗೆರೆಯ, ತುಂಬ ತುಕ್ಕಿನ ಗಂಟು. ತೊಳೆದು ಮತ್ತೆ ಹಾಕಿದರಾಯಿತೆಂದು ಪೂರ್ತಿ ಬಿಚ್ಚಿದರು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಥ್ರೆಡ್ಡು ಹಾಳಾಗಿದೆಯಾ ಸರಿಯಿದೆಯಾ ನೋಡು ಎಂದು ನೆವಿಲ್‌ಗೆ ಹೇಳಿ ಲಿಂಡ್ಸೆ ಪಂಪು ತರಲು ಗಾಡಿಯ ಕಡೆ ಹೋದ. ಪಂಪಿನ ಎಣ್ಣೆ ಕಡಿಮೆಯಿತ್ತು, ತುಂಬಿಸಿ ಬರುವಷ್ಟರಲ್ಲಿ ಕಾಲು ಗಂಟೆ ಹಿಡಿಯಿತು. ಬಂದು ನೋಡಿದರೆ ನೆವಿಲ್ ತಾನೇ ಉತ್ಸಾಹದಿಂದ ತೊಲೆ ಏರಿಸಿ, ಜಾಕು ಕೂರಿಸಿ, ಬೋಲ್ಟು ಬಿಗಿದು, ಚೀಲವನ್ನೂ ಹೊದಿಸಿ ಸರಪಳಿ ಕಟ್ಟುತ್ತಿದ್ದ. ಎಲ್ಲವೂ ಲಿಂಡ್ಸೆ ಹೇಳಿಕೊಟ್ಟ ಹಾಗೇ ಇತ್ತು.

“ನಟ್ಟು?” ಎಂದು ಲಿಂಡ್ಸೆ ಕೇಳಿದ.

“ಸರಿಯಿದೆ,” ಅಂದ ನೆವಿಲ್.

ಮೂವತ್ತು ವರ್ಷ ಇದೇ ಪ್ರಶ್ನೆಗೆ ಇದೇ ಉತ್ತರ ಕೇಳಿದವನು ಲಿಂಡ್ಸೆ. ಹಳೇ ಜೊತೆಗಾರ ಸರಿಯಿದೆ ಅಂದರೆ ನಟ್ಟು ಶಾಫ್ಟಿನ ಮೇಲಿದೆ, ಎರಡು ಸುತ್ತು ಸಡಿಲವಾಗಿದೆ ಎಂದೇ ಅರ್ಥ. ನಮ್ಮ ಸೀಮೆಯಲ್ಲಿ ಸರಿಯಿದೆ ಎಂಬ ಆ ಒಂದು ಮಾತಿನಲ್ಲೇ ಬದುಕು ಸಾಗುತ್ತದೆ. ಕಾಲು ಮುರಿದವನೂ ಸರಿಯಿದ್ದೇನೆ ಅನ್ನುತ್ತಾನೆ, ಬೆಳೆ ಒಣಗಿದವನೂ ಸರಿಯಿದೆ ಅನ್ನುತ್ತಾನೆ. ಲಿಂಡ್ಸೆ ಚೀಲ ಎತ್ತಿ ನೋಡಲಿಲ್ಲ. ಟ್ರ್ಯಾಕ್ಟರನ್ನು ಸುತ್ತು ಹಾಕಿ ಹಿಂದಕ್ಕೆ ಹೋಗಿ ಪಂಪು ಒತ್ತಿದ.

ಇಪ್ಪತ್ತಕ್ಕೆ ಅಲುಗಲಿಲ್ಲ, ನಲವತ್ತಕ್ಕೂ ಇಲ್ಲ. ಗ್ಯಾಸಿನ ಉರಿ ಹಿಡಿದು ಚಕ್ರದ ನಡುವನ್ನು ಕಾಯಿಸಿದರು, ಚೀಲಕ್ಕೆ ಉರಿ ತಾಗದಂತೆ ಬದಿಯಿಂದಲೇ, ಎದುರಿಗೆ ನಿಲ್ಲದೆ. ಮೀಟರಿನ ಮುಳ್ಳು ಐವತ್ತಕ್ಕೆ ಬಂದು ನಿಂತಿತು. ಬೋಲ್ಟುಗಳು ಕಿರ್ರೆಂದವು. ಅಷ್ಟಕ್ಕೇ ಸಾಕು ಎಂದು ಲಿಂಡ್ಸೆ ಉರಿ ಆರಿಸಿದ. ಇಬ್ಬರೂ ಶೆಡ್ಡಿನ ಹಿಂಬದಿಗೆ ಹೋಗಿ, ಮೆಣಸಿನಂಥ ಕಾಯಿ ಬಿಡುವ ದೊಡ್ಡ ಮರದ ನೆರಳಲ್ಲಿ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು ಫ್ಲಾಸ್ಕಿನ ಮುಚ್ಚಳ ತೆಗೆದರು.

ಶೆಡ್ಡಿನೊಳಗಿಂದ ಕಾದ ಕಬ್ಬಿಣ ತಣಿಯುವ ಸದ್ದು ಟಿಣ್ ಟಿಣ್ ಎಂದು ಕೇಳುತ್ತಿತ್ತು. ಲಿಂಡ್ಸೆಯ ಕಿವಿಯೆಲ್ಲ ಅಲ್ಲೇ ಇತ್ತು. ನೆವಿಲ್ ಮಾಂಸದ ಸ್ಯಾಂಡ್‌ವಿಚ್ ಕಚ್ಚುತ್ತ ಹಿಂದಿನ ಕಾಲದ ಯಾವುದೋ ಟಗರಿನ ಕಥೆ ಹೇಳಿ ಮುಗಿಸಿದ. ಆಮೇಲೆ ಏನೋ ನೆನಪಾದವನಂತೆ ಹೇಳಿದ:

“ಹೋಗೋವಾಗ ನೆನಪು ಮಾಡು ಮಾರಾಯ, ಆ ನಟ್ಟು ಸೀಮೆಎಣ್ಣೆ ಡಬ್ಬೀಲೇ ನೆನೀತಿದೆ. ಕೋಳಿಗೆ ನೀರಿಡೋ ಡಬ್ಬಿ ಅಂತ ಮುದುಕಿ ಎತ್ಕೊಂಡು ಹೋದಾಳು.”

“ಯಾವ ನಟ್ಟು?”

“ಅದೇ, ಶಾಫ್ಟಿಂದು.”

“ಸರಿಯಿದೆ ಅಂದ್ಯಲ್ಲೋ.”

“ಸರಿಯಾಗೇ ಇದೆ. ಒಂದು ಥ್ರೆಡ್ಡೂ ಹಾಳಾಗಿಲ್ಲ. ನೀನೇ ತಾನೆ ನೋಡು ಅಂದಿದ್ದು?”

ಲಿಂಡ್ಸೆಯ ಟೀ ಲೋಟ ಕೈಯಿಂದ ಜಾರಿ ತೊಡೆಯ ಮೇಲೆ ಚೆಲ್ಲಿತು, ಬಿಸಿ ತಾಗಿದ್ದೂ ಗೊತ್ತಾಗಲಿಲ್ಲ. ಅವನ ಮುಖ ನೋಡಿ ನೆವಿಲ್ ಅಗಿಯುವುದನ್ನು ನಿಲ್ಲಿಸಿದ. ನಟ್ಟು ಯಾಕೆ ಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಲಿಂಡ್ಸೆಯೇ, ಅವನು ಹೇಳಿರಲಿಲ್ಲ. ಈಗ ನಾಲ್ಕು ಮಾತಿನಲ್ಲಿ ಹೇಳಿದ. ನೆವಿಲ್ ಸ್ಯಾಂಡ್‌ವಿಚ್ಚನ್ನು ಕಾಗದದ ಮೇಲಿಟ್ಟ.

ಹೆದರಿಕೆಯ ಬೆನ್ನಿಗೇ ಲಿಂಡ್ಸೆಗೆ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಶೆಡ್ಡಿನಲ್ಲಿ ಯಾರೂ ಇಲ್ಲ. ತಾವಿಬ್ಬರೂ ಹೊರಗಿದ್ದೇವೆ. ಹಾರಿದರೆ ಹಾರಲಿ, ತಗಡು ಹರಿದರೆ ಹೊಸ ತಗಡು ಹಾಕಿದರಾಯಿತು. ಸಂಜೆಯಾಗಲಿ, ನಾಳೆಯಾಗಲಿ, ಅದು ತಾನಾಗಿ ಬಿಡುವವರೆಗೆ ಇಲ್ಲೇ ಕೂರೋಣ, ಪಂಪಿನ ಒತ್ತಡ ಇಳಿಸಲೆಂದೂ ಯಾರೂ ಒಳಗೆ ಕಾಲಿಡುವುದು ಬೇಡ ಎಂದ. ನೆವಿಲ್ ತಲೆಯಾಡಿಸಿದ.

ಆಗ ಶೆಡ್ಡಿನೊಳಗೆ ರೇಡಿಯೋ ಹತ್ತಿತು.

ಹಾರ್ಟ್ಲಿಯ ಹಳೇ ರೇಡಿಯೋ ಅದು, ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದದ್ದು. ಗೋಧಿ ಧಾರಣೆ ಹೇಳುವ ಗಂಡಸಿನ ದನಿ ಜೋರಾಗಿ, ಇನ್ನೂ ಜೋರಾಗಿ ಕೇಳಿಸಿತು. ಅಷ್ಟು ಜೋರು ಬೇಕಾಗುವುದು ಕಿವಿ ಮಂದವಾದವರಿಗೆ. ಅಕ್ಕನ ಮಗಳು ಬಂದಿರಲಿಲ್ಲ, ಮೋನಾ ಊರಿಗೆ ಹೋಗಿರಲಿಲ್ಲ.

ಲಿಂಡ್ಸೆ ಎದ್ದ. ನೆವಿಲ್ ತಾನೂ ಬರುತ್ತೇನೆ ಎಂದು ಎದ್ದರೆ ಅವನ ಎದೆಯ ಮೇಲೆ ಕೈಯಿಟ್ಟು ತಡೆದ. “ನೀನು ಬೇಡ. ಇಬ್ಬರು ಯಾಕೆ?” ಎಂದಷ್ಟೇ ಹೇಳಿದ. ಗೋಡೆ ಬಳಸಿ ಮುಂಬಾಗಿಲಿಗೆ ಮೂವತ್ತು ಹೆಜ್ಜೆ. ಓಡಿಹೋಗು, ಗಾಡಿ ಹತ್ತು, ಮನೆಗೆ ಹೋಗು ಎಂದು ಅವನ ಎದೆಯೊಳಗೊಬ್ಬ ಹೇಳುತ್ತಲೇ ಇದ್ದ.

ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಬಿದ್ದ ಬಿಸಿಲಿನಲ್ಲಿ ಮೋನಾ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು, ತೊಡೆಯ ಮೇಲೆ ಬಟಾಣಿ ಬಿಡಿಸುವ ಬಟ್ಟಲು. ಸ್ಪ್ರಾಕೆಟ್ಟಿಗೆ ನೆಟ್ಟಗೆ ಎದುರು. ಚೀಲ ಹೊದ್ದ ಆ ಗಂಟಿಗೂ ಅವಳ ಎದೆಗೂ ನಡುವೆ ಎರಡು ಮಾರು ಇದ್ದಿರಬಹುದು. ಗಂಡನ ಟ್ರ್ಯಾಕ್ಟರನ್ನು ನೋಡಿಕೊಂಡು, ಅದಕ್ಕೆ ಏನೋ ಹೇಳುತ್ತ ಬಟಾಣಿ ಬಿಡಿಸುತ್ತಿದ್ದಳು.

ಪಂಪಿನ ತಿರುಪು ತೆಗೆದುಬಿಟ್ಟರೆ ಒತ್ತಡ ಇಳಿಯುತ್ತದೆ. ಆದರೆ ಪಂಪು ಹಿಂದಿತ್ತು, ಟ್ರ್ಯಾಕ್ಟರಿನ ಮೂತಿ ಬಳಸಿ, ಗೋಡೆಗೊತ್ತಿ ನಿಂತ ಬಿತ್ತನೆ ಯಂತ್ರದ ಸಂದಿಯಲ್ಲಿ ತೂರಿ ಹೋಗಬೇಕು, ನಲವತ್ತು ಹೆಜ್ಜೆ. ಮೋನಾ ಇದ್ದದ್ದು ಎಂಟು ಹೆಜ್ಜೆಯಲ್ಲಿ. ಕೂಗಲು ಬಾಯಿ ತೆರೆದ, ಕೂಗಲಿಲ್ಲ. ಕೂಗಿದರೆ ಅದು ಕೇಳಿಸಿಕೊಂಡು ಹಾರೀತು ಎಂಬ ಭಯ. ಹುಚ್ಚು ಭಯವೇ, ಅಷ್ಟು ದೊಡ್ಡ ರೇಡಿಯೋ ಅರಚುತ್ತಿತ್ತಲ್ಲ. ಆದರೆ ಆ ಹೊತ್ತಿನಲ್ಲಿ ಬುದ್ಧಿ ಎಲ್ಲಿರುತ್ತದೆ? ನಲವತ್ತೈದು ವರ್ಷದಲ್ಲಿ ಒಂದು ಸಲವೂ ದಾಟದ ಜಾಗಕ್ಕೆ ಲಿಂಡ್ಸೆ ಕಾಲಿಟ್ಟ. ಸ್ಪ್ರಾಕೆಟ್ಟಿಗೆ ಬೆನ್ನು ಮಾಡಿ, ಅದಕ್ಕೂ ಅವಳಿಗೂ ನಡುವೆ ನಿಂತ.

ಬೆನ್ನಿಗೆ ಕಾದ ಕಬ್ಬಿಣದ ಬಿಸಿ ತಾಗುತ್ತಿತ್ತು.

“ಮಿಸೆಸ್ ಶಿರ್ಮರ್, ಏಳಿ.”

ಅವಳು ಕಿವಿಗೆ ಕೈಯಿಟ್ಟಳು. ಏಳಿ ಎಂದು ಮತ್ತೆ ಹೇಳಿದ. ಕೆಲಸ ಮಾಡುವವರು ಯಾರೂ ಕಾಣಲಿಲ್ಲ, ಹಾರ್ಟ್ಲಿಗೆ ಕಂಪನಿ ಕೊಡೋಣ ಅಂತ ಬಂದೆ, ಕೂತ್ಕೋ, ಧಾರಣೆ ಕೇಳು ಎಂದಳು. ಹಿಂದೆ ಬೋಲ್ಟೊಂದು ಕಿರ್ರೆಂದಿತು. ಲಿಂಡ್ಸೆ ಗುರುವೆಂದು ಜೀವಮಾನವೆಲ್ಲ ಮರ್ಯಾದೆ ಕೊಟ್ಟ ಹೆಂಗಸಿನ ತೋಳಿಗೆ ಕೈ ಹಾಕಿ, ಸೆಳೆದು ಎಬ್ಬಿಸಿದ. ಬಟ್ಟಲು ಬಿತ್ತು, ಬಟಾಣಿ ಚೆಲ್ಲಿತು, ಕುರ್ಚಿ ಮಗುಚಿತು. ಊರುಗೋಲು ಕೊಡು ಎಂದು ಅವಳು ಕೊಸರಾಡಿದಳು. ಅವನು ಬಿಡಲಿಲ್ಲ. ಅವಳ ಕಾಲು ಎಳೆದು ಎಳೆದು ಬರುತ್ತಿತ್ತು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಈಗ ಬಡಿಯಿತು, ಈಗ ಬಡಿಯಿತು ಎಂದು ಅವನ ಬೆನ್ನುಮೂಳೆ ಕಾಯುತ್ತಿತ್ತು. ಬಾಗಿಲ ಕಂಬ ದಾಟಿ ಗೋಡೆಯ ಮರೆಗೆ ಬಂದಾಗ ನೆವಿಲ್ ಅಲ್ಲಿ ನಿಂತಿದ್ದ, ಹೇಳಿದ ಮಾತು ಕೇಳದೆ ಬಂದಿದ್ದ. ಅವಳನ್ನು ಅವನ ಕೈಗೆ ಕೊಟ್ಟ.

ಮೋನಾ ಬೈಗುಳ ಶುರು ಮಾಡಿದಳು. ಲಿಂಡ್ಸೆ ಅದನ್ನು ಕೇಳಿಸಿಕೊಳ್ಳದೆ ಮತ್ತೆ ಒಳಗೆ ಹೋದ, ಈ ಸಲ ಟ್ರ್ಯಾಕ್ಟರಿನ ಮೂತಿ ಬಳಸಿ. ಪಂಪಿನ ಮುಂದೆ ಮಂಡಿಯೂರಿ ತಿರುಪನ್ನು ಎಡಕ್ಕೆ ಕೂದಲೆಳೆಯಷ್ಟು ತಿರುಗಿಸಿದ. ಐವತ್ತು, ನಲವತ್ತು, ಇಪ್ಪತ್ತು, ಮುಳ್ಳು ಇಳಿದು ಸೊನ್ನೆಗೆ ಬಂತು. ಅಲ್ಲೇ ಧೂಳಿನಲ್ಲಿ ಕೂತುಬಿಟ್ಟ. ರೇಡಿಯೋದಲ್ಲಿ ಕುರಿ ಮಾಂಸದ ಧಾರಣೆ ಓದುತ್ತಿದ್ದರು.

ಆ ಮಧ್ಯಾಹ್ನ ಮೋನಾಳನ್ನು ಅಡುಗೆಮನೆಯಲ್ಲಿ ಕೂರಿಸಿ, ತೊಲೆಯನ್ನೆಲ್ಲ ಇಳಿಸಿ, ನಟ್ಟನ್ನು ಶಾಫ್ಟಿಗೆ ಹಾಕಿ, ಎರಡು ಸುತ್ತು ಸಡಿಲ ಬಿಟ್ಟು, ಲಿಂಡ್ಸೆ ಬೆರಳಿನಿಂದ ಮೂರು ಸಲ ಮುಟ್ಟಿ ನೋಡಿದ. ಮತ್ತೆ ಎಲ್ಲ ಕಟ್ಟಿ ಪಂಪು ಒತ್ತಿದರು. ಮೂವತ್ತೈದಕ್ಕೇ ಢಂ ಎಂದಿತು. ಬೆಳಿಗ್ಗೆ ಐವತ್ತಕ್ಕೆ ಬಿಡದದ್ದು ಮೂವತ್ತೈದಕ್ಕೆ ಯಾಕೆ ಬಿಟ್ಟಿತೆಂದು ಯಾರು ಹೇಳಲಾದೀತು? ಚಾವಣಿಯಿಂದ ಪಾರಿವಾಳಗಳು ಹಾರಿದವು, ಚಕ್ರ ಹೆಬ್ಬೆರಳಗಲ ಜಿಗಿದು ನಟ್ಟಿಗೆ ಬಡಿದು ನಿಂತಿತು. ನೆವಿಲ್ ಮಗುಚಿದ ಕುರ್ಚಿ ಎತ್ತಿಟ್ಟು, ಚೆಲ್ಲಿದ ಬಟಾಣಿಯನ್ನು ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕಿದ. ಮೋನಾಗೆ ಇಬ್ಬರೂ ಏನೂ ಹೇಳಲಿಲ್ಲ.

ಭಾನುವಾರ ಊರಿನ ಸಭಾಭವನದಲ್ಲಿ ಹಳೇ ಯಂತ್ರದವರ ಕೂಟದ ಊಟವಿತ್ತು. ಮೋನಾ ಎಲ್ಲರೆದುರು ಅಂಗಿಯ ತೋಳು ಮೇಲಕ್ಕೆ ಸರಿಸಿ ತೋರಿಸಿದಳು. ಸುಕ್ಕು ಚರ್ಮದ ಮೇಲೆ ನಾಲ್ಕು ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಕೂತಿದ್ದವು. ಶಾಲೆಯಲ್ಲಿ ಇವನ ಕಿವಿ ಹಿಂಡಿದ್ದೆ, ಅರವತ್ತು ವರ್ಷ ಕಾದಿದ್ದು ಈಗ ಸೇಡು ತೀರಿಸಿಕೊಂಡ ಎಂದಳು. ಕೂಟಕ್ಕೆ ಕೂಟವೇ ನಕ್ಕಿತು. ಬಟಾಣಿ ಕದಿಯಲು ಹೋಗಿದ್ದೆಯಾ ಎಂದು ಒಬ್ಬ ಕಿಚಾಯಿಸಿದ. ನೆವಿಲ್ ಮೂಲೆಯಲ್ಲಿ ಕೂತಿದ್ದ. ಮೂರು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು. ಈಗ ಮೇಜಿಗೆ ಕೈಯೂರಿ ಏಳಲು ನೋಡಿದ, ಏನೋ ಹೇಳಲು ಬಾಯಿ ತೆರೆದ. ಅದು ಲಿಂಡ್ಸೆಯ ಕಣ್ಣಿಗೆ ಬಿತ್ತು.

“ನಟ್ಟು ಹಾಕಿರ್ಲಿಲ್ಲ,” ಎಂದ ಲಿಂಡ್ಸೆ, ನೆವಿಲ್‌ಗಿಂತ ಮೊದಲೇ. “ಐವತ್ತು ಟನ್ ಇತ್ತು. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ.”

ನಗು ನಿಂತಿತು. ಅಲ್ಲಿದ್ದವರೆಲ್ಲ ಕಬ್ಬಿಣದ ಜೊತೆ ಬಾಳಿದವರು, ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾರ್ಟ್ಲಿಯ ಹೆಂಡತಿಗಂತೂ ಅಗತ್ಯವೇ ಇರಲಿಲ್ಲ. ಮೋನಾ ತನ್ನ ತೋಳಿನ ಗುರುತನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಿಯ ತೋಳು ಇಳಿಸಿ, ಮುಂಗೈಯ ಗುಂಡಿ ಹಾಕಿಕೊಂಡಳು.

“ನಿಂಗೆ ಹೆದರಿಕೆ ಆಗ್ಲಿಲ್ವೇನೋ?” ಎಂದು ಕೇಳಿದಳು.

“ಆಯ್ತು, ಮಿಸೆಸ್ ಶಿರ್ಮರ್. ಯಾವಾಗ್ಲೂ ಆಗತ್ತೆ.”

ಇದನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಕೋರಲ್ ಸುಮ್ಮನೆ ಬಂದು ಅವನ ಕೈಯಲ್ಲಿದ್ದ ತಟ್ಟೆ ತೆಗೆದುಕೊಂಡಳು, ಅದು ಅಲುಗಾಡುತ್ತಿತ್ತು.

“ಆ ಕಡೇದು ಇನ್ನೂ ಬಾಕಿ ಇದೆಯಲ್ಲ,” ಎಂದಳು ಮೋನಾ. “ಯಾವತ್ತು ಬರ್ತೀಯ?”

ಲಿಂಡ್ಸೆ ನೆವಿಲ್‌ನ ಕಡೆ ನೋಡಿದ. ನೆವಿಲ್ ತಲೆ ಎತ್ತಲಿಲ್ಲ.

“ಮಂಗಳವಾರ,” ಎಂದ ಲಿಂಡ್ಸೆ. “ನೆವಿಲ್‌ಗೆ ಪುರುಸೊತ್ತಿದ್ರೆ.”

ನೆವಿಲ್ ಅಂಗೈಯಿಂದ ಮುಖ ಒರೆಸಿಕೊಂಡು, ಇದೆ ಎಂದ.